ಹಲಸಿನ ಮರದಲ್ಲಿ ತೂಗಿದ ಮರಣ

"ತಿನ್ನೋ ಹಂದಿ. ನಿನ್ನ ಮುಸುಡಿಗೆ ಬಾಳೆಲೆ ಹಾಕಿ ಬಡಿಸಿದ್ದೇ ಹೆಚ್ಚು."

ಹೀಗೆ ಹೇಳಿದವನು ದೊಡ್ಡಮನೆಯ ಮಗ ದೇವದಾಸ. ಬಿ.ಕಾಂ. ಪಾಸು ಮಾಡಿ ಉಡುಪಿಯ ಒಂದು ಬ್ಯಾಂಕಿನಲ್ಲಿ ಕೆಲಸಕ್ಕಿದ್ದ. ಅಲ್ಲಿ ಬಂದವರಿಗೆಲ್ಲ "ಬನ್ನಿ, ಕೂತುಕೊಳ್ಳಿ" ಎನ್ನುತ್ತಿದ್ದನಂತೆ. ನನ್ನ ಬಾವ ಬೂಬನಿಗೆ ಹಾಗೆ ಹೇಳುವ ಅಗತ್ಯವೇ ಇರಲಿಲ್ಲ. ಅವನು ಆಗಲೇ ಅಂಗಳದ ಆಚೆ, ಗೊಬ್ಬರದ ಗುಂಡಿಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತಿದ್ದ. ಮುಂದಿನ ಎಲೆಯಲ್ಲಿ ಅನ್ನ, ಬೆಲ್ಲ, ಎಳ್ಳೆಣ್ಣೆ. ಅನ್ನದ ನಡುವೆ ದೇವದಾಸನ ಅಪ್ಪ ತ್ಯಾಂಪಣ್ಣ ಧಣಿಯ ಉಗುರಿನ ಚೂರುಗಳು, ತಲೆಯ ಒಂದಿಷ್ಟು ನರೆಕೂದಲು.

ಇದಕ್ಕೆ ಅಜಲು ಎನ್ನುತ್ತಾರೆ. ದೊಡ್ಡಮನೆಯಲ್ಲಿ ಯಾರಿಗಾದರೂ ಸಾಯುವ ಲಕ್ಷಣ ಕಂಡರೆ ಅವರ ಉಗುರು ಕೂದಲನ್ನು ಅನ್ನಕ್ಕೆ ಕಲಸಿ ಕೊರಗರಾದ ನಮಗೆ ತಿನ್ನಿಸುವುದು. ತಿಂದವನಿಗೆ ಮರಣ ದಾಟಿತು ಅಂತ ಲೆಕ್ಕ. ಬಸುರಿಯರ ಕಂಟಕವೂ ಹಾಗೆಯೇ. ನನ್ನ ಅಮ್ಮ ಆ ಮನೆಯ ಹೆರಿಗೆಗಳನ್ನೆಲ್ಲ ತಿಂದವಳು. ಆ ಮನೆಯ ಮಕ್ಕಳೆಲ್ಲ ಗಟ್ಟಿಮುಟ್ಟು. ಅಮ್ಮ ಹೆತ್ತದ್ದರಲ್ಲಿ ಉಳಿದದ್ದು ನಾನು ಮತ್ತು ಬೂಬನ ಹೆಂಡತಿಯಾದ ನನ್ನ ತಂಗಿ. ಹಾಗಾಗಿ ಈ ಕ್ರಮ ಸುಳ್ಳು ಅಂತ ನಾನು ಯಾವತ್ತೂ ಹೇಳಿದವನಲ್ಲ.

ಧಣಿ ಜಗಲಿಯ ಆರಾಮಕುರ್ಚಿಯಲ್ಲಿ ಎದೆ ಒತ್ತಿಕೊಂಡು ಕೂತಿದ್ದರು. ಹೃದಯ ಸೋತಿದೆ, ತುಪ್ಪ ಬಿಡಿ ಎಂದು ಮಣಿಪಾಲದ ಡಾಕ್ಟರು ಹೇಳಿದ್ದರು. ಮರಣಯೋಗ ಉಂಟು, ಕೊರಗನಿಗೆ ದಾಟಿಸಿ ಎಂದು ಜೋಯಿಸರು ಹೇಳಿದ್ದರು. ತುಪ್ಪ ಬಿಡುವುದಕ್ಕಿಂತ ಇದು ಸುಲಭ ಅಂತ ಧಣಿಗೆ ಕಂಡಿತು.

ಬೂಬ ನಗುತ್ತ ಎಲೆಯನ್ನು ಬೆರಳಿನಿಂದ ಕೆದಕಿದ.

"ಧಣೀ, ಇದು ಕೈಯ ಉಗುರಾ, ಕಾಲಿನದ್ದಾ?"

"ಎರಡೂ ಉಂಟು. ಯಾಕೆ?"

"ಕೈಯದ್ದು ಮಾತ್ರ ಆದರೆ ಅರ್ಧವೇ ದಾಟುವುದು. ಮತ್ತೆ ಕೊರಗ ಮೋಸ ಮಾಡಿದ ಅಂತ ಆಗುವುದು ಬೇಡ."

ದೇವದಾಸ ಕಾಲಿನ ಚಪ್ಪಲಿ ಬಿಚ್ಚಿ ಎಸೆದ. ಅದು ಬೂಬನ ಕಿವಿಗೆ ತಾಗಿ ಗೊಬ್ಬರದ ಗುಂಡಿಗೆ ಬಿತ್ತು. ಹೆಕ್ಕಿ, ತೊಳೆದು, ಅಂಗಳದ ಅಂಚಿನಲ್ಲಿಡುವ ಕೆಲಸ ನನ್ನ ಪಾಲಿಗೆ ಬಂತು. ಒಳ್ಳೆಯ ಚರ್ಮದ ಚಪ್ಪಲಿ.

ಅಷ್ಟರಲ್ಲಿ ಒಳಗಿನಿಂದ ಧಣಿಯ ಹೆಂಡತಿಯ ಸ್ವರ ಬಂತು. ಸೊಸೆ ವಿನೋದಾಳಿಗೆ ಈಗ ತಿಂಗಳು ನಿಂತಿದೆ, ಏಳನೇ ತಿಂಗಳಿಗೆ ಬೂಬನ ಹುಡುಗಿಯನ್ನು ಕಳಿಸಬೇಕು, ಬಸುರಿಯ ಕಂಟಕ ತಿನ್ನಲು ಸಣ್ಣ ಬಾಯಿಯೇ ಒಳ್ಳೆಯದು ಎಂದರು. ಆ ಹುಡುಗಿ ಚಂಪಾ. ಹೆಸರು ಇಟ್ಟದ್ದು ಶಾಲೆಯ ಬರ್ತಾ ಟೀಚರು. ನಮ್ಮ ಕೊಪ್ಪದಿಂದ, ಅಂದರೆ ನಮ್ಮ ಗುಡಿಸಲುಗಳಿಂದ, ಮೂರನೇ ಕ್ಲಾಸಿಗೆ ಹೋದವಳು ಅವಳೊಬ್ಬಳೇ.

ಬೂಬ ನಗುವುದನ್ನು ನಿಲ್ಲಿಸಿದ. ಎಲೆಯನ್ನು ನಾಲ್ಕೂ ಕಡೆಯಿಂದ ಮಡಚಿ ಬಾಳೆನಾರಿನಿಂದ ಕಟ್ಟಿದ.

"ಮರಣ ಬಿಸಿ ಉಂಟು ಧಣೀ. ಮನೆಗೆ ಕೊಂಡುಹೋಗಿ ಆರಿಸಿ ತಿನ್ನುತ್ತೇನೆ."

ಬೂಬನಿಗೆ ದೇವರಿಲ್ಲ ಎಂಬುದು ಕಾರ್ಕಳದಲ್ಲಿ ಹತ್ತಿದ ಕಾಯಿಲೆ. ಅಲ್ಲಿಯ ಕೋರೆಯಲ್ಲಿ ಕೆಲವು ಕಾಲ ಕಲ್ಲು ಒಡೆದಿದ್ದ. ಒಂದೇ ಬಂಡೆಯ ಒಂದು ತುಂಡು ದೇವರಾಗಲು ಹೋಯಿತಂತೆ, ಇನ್ನೊಂದು ಕಕ್ಕಸಿನ ಮೆಟ್ಟುಗಲ್ಲಾಗಲು ಹೋಯಿತಂತೆ. ಎರಡಕ್ಕೂ ಸುತ್ತಿಗೆ ಹಾಕಿದ್ದು ಇವನೇ, ಎರಡೂ ಅಯ್ಯೋ ಅನ್ನಲಿಲ್ಲವಂತೆ. ಈಗ ಒಂದರ ಹತ್ತಿರ ಇವನನ್ನು ಬಿಡುವುದಿಲ್ಲ, ಇನ್ನೊಂದನ್ನು ತೊಳೆಯಲು ಇವನನ್ನೇ ಕರೆಯುತ್ತಾರೆ. ಬೆಟ್ಟದ ಮೇಲೆ ಬಟ್ಟೆಯಿಲ್ಲದೆ ನಿಂತವನಿಗೆ ಊರೆಲ್ಲ ಕೈಮುಗಿಯುತ್ತದೆ, ನಾನು ಮೊಣಕಾಲು ಮುಚ್ಚಿದರೆ ಕೊರಗನಿಗೆ ಸೊಕ್ಕು ಅನ್ನುತ್ತಾರೆ ಎಂದು ನಗುತ್ತಿದ್ದ. ಇಂಥ ಮಾತು ಬಂದರೆ ನಾನು ಕಿವಿ ಮುಚ್ಚಿಕೊಳ್ಳುತ್ತಿದ್ದೆ. ಸತ್ತ ಮೇಲೆ ಎಂತ ಅಂತಾದರೂ ಹೇಳು ಮಾರಾಯ ಎಂದು ಒಮ್ಮೆ ಕೇಳಿದ್ದೆ.

"ಕಲ್ಲು ಒಡೆದು ಒಳಗೆ ನೋಡಿದ್ದೇನೆ ಬಾವ. ಒಳಗೆ ಕಲ್ಲೇ ಉಂಟು."

ಸ್ವರ್ಗವೂ ಇಲ್ಲವಾ ಎಂದೆ. ಇದ್ದರೆ ಅಲ್ಲಿಯೂ ಒಂದು ಅಂಗಳ ಇರುತ್ತದೆ, ಅದರ ಆಚೆ ಕೂತುಕೊಳ್ಳುವುದು ನಾವೇ, ಇಲ್ಲದ್ದೇ ಒಳ್ಳೆಯದು ಎಂದ.

ಮನೆಗೆ ಬಂದವನು ಆ ಎಲೆಯನ್ನು ಒಂದು ಮಡಕೆಗೆ ಹಾಕಿ, ಬಾಯಿಗೆ ಬಟ್ಟೆ ಬಿಗಿದು, ದಾರಿಗೆ ಬಾಗಿದ ಹಲಸಿನ ಕೊಂಬೆಗೆ ತೂಗುಹಾಕಿದ. ಯಾರು ಕೇಳಿದರೂ ಒಂದೇ ಉತ್ತರ: ಅದು ಧಣಿಗಳ ಮರಣ, ನನಗಿನ್ನೂ ಹಸಿವಾಗಿಲ್ಲ. ತಂಗಿ ಆ ಮರದ ಕೆಳಗೆ ಹೋಗುವುದನ್ನು ಬಿಟ್ಟಳು. ಕಳ್ಳು ತೆಗೆಯುವವನು ದಾರಿ ಬದಲಿಸಿದ. ಮಡಕೆಯ ಮೇಲೆ ಕೂತ ಕಾಗೆಯೊಂದು ಹಾರಿಹೋದದ್ದು ಮತ್ತೆ ಈ ತಾಲೂಕಿನಲ್ಲಿ ಕಾಣಲಿಲ್ಲ.

ಕಾಪುವಿನಿಂದ ಸೈಕಲಿನಲ್ಲಿ ಮೀನು ತರುವ ಮೂಸಾಕ ಬಂಗುಡೆಯ ಜೊತೆ ಈ ಸುದ್ದಿಯನ್ನೂ ಮಾರಿದರು. ಉದ್ಯಾವರದಲ್ಲಿ ಅದು ಧಣಿಯೊಬ್ಬರ ಮರಣ. ಬನ್ನಂಜೆಗೆ ಮುಟ್ಟುವಾಗ ಇಡೀ ಕುಟುಂಬದ್ದು. ಕಲ್ಯಾಣಪುರದ ಹೊಳೆ ದಾಟಿದ ಮೇಲೆ ಮಡಕೆ ಮಧ್ಯಾಹ್ನದ ಹೊತ್ತಿಗೆ ನರಳತೊಡಗಿತ್ತು. ಸುದ್ದಿ ತಿರುಗಿ ನಮ್ಮಲ್ಲಿಗೆ ಬಂದ ಮೇಲೆ ನರಳುವುದನ್ನು ನಾನೂ ಕೇಳಿದೆ. ಒಳಗೆ ಕಪ್ಪೆ ಹೋಗಿರಬೇಕು ಎಂದ ಬೂಬ. ನಂಬಿಕೆ ಇಲ್ಲದವರಿಗೆ ಎಷ್ಟು ಹೇಳಿದರೂ ಅಷ್ಟೇ.

ಜೋಯಿಸರು ದೊಡ್ಡಮನೆಯಲ್ಲಿ ಮತ್ತೆ ಕವಡೆ ಹಾಕಿದರಂತೆ. ತಿನ್ನದೆ ಇಟ್ಟರೆ ಮರಣ ಧಣಿಯದ್ದೇ, ಆದರೆ ಮನೆ ಬಿಟ್ಟು ಹೊರಗೆ ತಿರುಗುತ್ತಾ ಉಂಟು, ಮಡಕೆ ಒಡೆದರೆ ತಾನು ಜವಾಬ್ದಾರನಲ್ಲ ಎಂದರಂತೆ. ಮರುದಿನ ಬೆಳಿಗ್ಗೆ ಧಣಿಯ ಅಂಬಾಸಿಡರ್ ಕಾರು ನಮ್ಮ ಕೊಪ್ಪದ ಬಾಯಿಗೆ ಬಂದು ನಿಂತಿತು. ಅಲ್ಲಿಯತನಕ ಆ ದಾರಿಗೆ ಬಂದ ದೊಡ್ಡ ವಾಹನ ಮೂಸಾಕನ ಸೈಕಲು. ಅದನ್ನು ಹಿಡಿದುಕೊಂಡು ಅವರೂ ಮರದ ಪಕ್ಕ ನಿಂತಿದ್ದರು.

"ಬೂಬ, ತಿಂದುಬಿಡು ಮಾರಾಯ."

ಧಣಿಯ ಬಾಯಲ್ಲಿ ಬೂಬ ಅಂತ ಬಂದದ್ದು ಅದೇ ಮೊದಲು. ಅಷ್ಟರವರೆಗೆ ಅವನ ಹೆಸರು 'ಏ' ಎಂದಿತ್ತು.

ಬೂಬ ಬುಟ್ಟಿಯ ಬಳ್ಳಿ ಸೀಳುವ ಕತ್ತಿಯನ್ನು ಹಗ್ಗದ ಮೇಲೆ ಇಟ್ಟ. ಕೊಯ್ಯಲಿಲ್ಲ, ಸುಮ್ಮನೆ ಇಟ್ಟ.

"ಹಗ್ಗ ಹಳತಾಗಿದೆ ಧಣೀ."

"ನಿನಗೆ ಎಂತ ಬೇಕು? ಅಕ್ಕಿಯಾ, ಬಟ್ಟೆಯಾ?"

"ಚಂಪಾ ಬರುವುದಿಲ್ಲ. ನಮ್ಮವರು ಯಾರೂ ಇನ್ನು ನಿಮ್ಮ ಮನೆಯ ಉಗುರು ತಿನ್ನುವುದಿಲ್ಲ. ಅಷ್ಟು ನಿಮ್ಮ ಬಾಯಲ್ಲಿ ಹೇಳಿ."

ಧಣಿ ಮಡಕೆಯನ್ನು ನೋಡಿದರು, ಕತ್ತಿಯನ್ನು ನೋಡಿದರು, ಹೇಳಿದರು. ಮನೆಯ ದೈವದ ಮೇಲೆ ಆಣೆ ಹಾಕಲು ಕೈ ಎತ್ತಿದಾಗ ಬೂಬ ತಡೆದ.

"ದೈವ ಬೇಡ. ಮೂಸಾಕ ಕೇಳಿದ್ದಾರೆ, ಸಾಕು."

ಮತ್ತೆ ಹಗ್ಗ ಬಿಚ್ಚಿ ಮಡಕೆಯನ್ನು ಕೆಳಗಿಳಿಸಿ, ನಿಮ್ಮದು ನೀವೇ ಜಾಗ್ರತೆಯಾಗಿ ಇಟ್ಟುಕೊಳ್ಳಿ ಎಂದು ಧಣಿಯ ಕೈಯಲ್ಲಿಟ್ಟ. ಧಣಿ ಅದನ್ನು ಮಡಿಲಲ್ಲಿಟ್ಟು ಎರಡು ಕೈಯಲ್ಲಿ ಅಪ್ಪಿ ಹಿಡಿದರು. ಕಾರು ಒಂದೊಂದು ಹೊಂಡಕ್ಕೂ ನಿಂತು ಯೋಚಿಸಿ ಇಳಿಯುತ್ತ ಹೋಯಿತು. ಕಾರಿನ ಹಿಂದೆ ಓಡಿಬಂದಿದ್ದ ಅವರ ನಾಯಿ ಅದಕ್ಕಿಂತ ಮೊದಲೇ ಮನೆ ಸೇರಿತು.

ಮಡಕೆ ಧಣಿಯ ಮಂಚದ ಅಡಿಯಲ್ಲಿ ಭದ್ರವಾಗಿ ಕೂತಿತು. ಮರಣ ಕಣ್ಣಮುಂದೆಯೇ ಇದೆ, ಇನ್ನು ಹೆದರಿಕೆ ಇಲ್ಲ ಅಂತ ಧಣಿ ತುಪ್ಪ ಮತ್ತೆ ಶುರುಮಾಡಿದರು. ಮಳೆಗಾಲ ಕಳೆದು ತೆನೆ ಬಲಿಯುವ ಹೊತ್ತಿಗೆ, ಊಟ ಮುಗಿಸಿ ಕೈತೊಳೆಯಲು ಎದ್ದವರು ಅಲ್ಲೇ ಬಿದ್ದರು. ಮಡಕೆಗೆ ಒಂದು ಬಿರುಕೂ ಬಂದಿರಲಿಲ್ಲವಂತೆ. ಕೊರಗ ಕೊಂದ ಎಂದಿತು ದೊಡ್ಡಮನೆ. ತುಪ್ಪ ಎಂದ ಬೂಬ.

ಧಣಿಯ ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಊಟ ಮುಗಿದ ಮೇಲೆ ದೇವದಾಸನ ಆಳು ಬಂದು ಹೇಳಿಹೋದ. ಅಪ್ಪನ ಮಾತು ಅಪ್ಪನ ಜೊತೆ ಸುಟ್ಟಿತು. ವಿನೋದಾಳಿಗೆ ಏಳು ತುಂಬಿದೆ. ಶುಕ್ರವಾರ ಹುಡುಗಿಯನ್ನು ಕರೆದುಕೊಂಡು ಹೋಗಲು ಬರುತ್ತಾರೆ. ಇಲ್ಲ ಅಂದರೆ ಕೊಪ್ಪಗಳಿಗೆ ಬೆಂಕಿ. ಜಾಗ ಅವರದ್ದೇ ಅಲ್ವಾ.

ತಂಗಿ ಚಂಪಾಳನ್ನು ಮಡಿಲಿಗೆ ಎಳೆದುಕೊಂಡು ಕೂತಳು. ನಾನು, ಒಂದು ತುತ್ತು ತಾನೇ, ನಮ್ಮ ಅಮ್ಮ ತಿನ್ನಲಿಲ್ಲವಾ ಎಂದೆ. ಬೂಬ ನನ್ನನ್ನು ನೋಡಿದ. "ತಿಂದಳು. ಅವಳಿಗೆ ಉಳಿದ ಮಕ್ಕಳು ಎಷ್ಟು, ಬಾವ?" ಎಂದ. ಮತ್ತೆ ಒಂದು ಬ್ಲೇಡು ಹಿಡಿದು ಕೊಪ್ಪದಿಂದ ಕೊಪ್ಪಕ್ಕೆ ಹೊರಟ. ಎಲ್ಲರ ಉಗುರು, ಎಲ್ಲರ ಕೂದಲು. ಬುಟ್ಟಿ ಹೆಣೆಯುವವರ ಕೈಯಲ್ಲಿ ಉಗುರು ಎಲ್ಲಿ ಉಳಿದಿರುತ್ತದೆ? ಕಾಲಿನದ್ದೇ ಹೆಚ್ಚು ಸಿಕ್ಕಿತು. ಕ್ಷಯದ ಮುದುಕಿಯೊಬ್ಬಳು ನನ್ನ ಕೆಮ್ಮನ್ನೂ ಹಾಕು ಮಗ ಎಂದು ಎಲೆಗೆ ಕೆಮ್ಮಿ ಕೊಟ್ಟಳು. ನನ್ನ ಸರದಿ ಬರುವಾಗ ಬ್ಲೇಡು ಮೊಂಡಾಗಿತ್ತು. ಹಲ್ಲಿನಿಂದ ಕಚ್ಚಿ ಕೊಟ್ಟೆ.

ಶುಕ್ರವಾರ ದೇವದಾಸ ಇಬ್ಬರು ಆಳುಗಳ ಜೊತೆ ಬಂದ. ಇಸ್ತ್ರಿ ಅಂಗಿ ಹಾಕಿದ್ದ, ಅಲ್ಲಿಂದಲೇ ಬ್ಯಾಂಕಿಗೆ ಹೋಗುವ ಅಂದಾಜು. ಗದ್ದೆಯ ಬದುವಿನಲ್ಲಿ, ದಾರಿಗೆ ಅಡ್ಡವಾಗಿ ಬಾಳೆಲೆ. ಎಲೆಯಲ್ಲಿ ಅನ್ನ, ಬೆಲ್ಲ. ಎಲೆಯ ಆಚೆ ಬೂಬ. ಅವನ ಹಿಂದೆ ನಾವೆಲ್ಲ.

"ಎಂತದಿದು, ಬೋಳಿಮಗನೇ?"

"ಅನ್ನ ಧಣೀ. ಇದರಲ್ಲಿ ಇಡೀ ಕೊಪ್ಪದ ಮರಣ ಉಂಟು. ಇದನ್ನು ನೀವು ತಿನ್ನಿ, ಅದನ್ನು ಚಂಪಾ ತಿನ್ನುತ್ತಾಳೆ."

ದೇವದಾಸನ ಮುಖ ಕೆಂಪಾಯಿತು. ಆಳುಗಳ ಮುಂದೆ ಸ್ವರ ತಗ್ಗಿಸಿದ.

"ನನಗೆ ಇದರಲ್ಲೆಲ್ಲ ನಂಬಿಕೆ ಇಲ್ಲ ಮಾರಾಯ. ಹೆಂಗಸರ ಸಮಾಧಾನಕ್ಕೆ ಮಾಡುವುದು."

"ನನಗೂ ಇಲ್ಲ. ಇಡೀ ಊರಿನಲ್ಲಿ ಹಾಗಿರುವವರು ನಾವಿಬ್ಬರೇ. ಬನ್ನಿ, ಕೂತುಕೊಳ್ಳಿ."

ಎಲೆಯನ್ನು ಒದ್ದು ತೆಗೆ ಎಂದು ದೇವದಾಸ ಆಳಿಗೆ ಹೇಳಿದ. ಆಳು ತನ್ನ ಕಾಲನ್ನು ನೋಡಿಕೊಂಡ. ಇನ್ನೊಬ್ಬನಿಗೆ ಹೇಳಿದ. ಅವನಿಗೆ ಆಕಾಶದಲ್ಲಿ ಎಂತದೋ ಕಂಡಿತು. ಕೊನೆಗೆ ದೇವದಾಸನೇ ಕಾಲೆತ್ತಿದ. ನಾನು ತೊಳೆದಿಟ್ಟ ಅದೇ ಚಪ್ಪಲಿ.

ನಮ್ಮ ಹಿಂದಿನಿಂದ ಚಂಪಾ ಸ್ಲೇಟು ಹಿಡಿದು ಇನ್ನೊಂದು ಬದುವಿಗೆ ಇಳಿದಳು. ತಡವಾದರೆ ಬರ್ತಾ ಟೀಚರು ಹೊರಗೆ ನಿಲ್ಲಿಸುತ್ತಾರೆ. ಸ್ವಲ್ಪ ದೂರ ಹೋಗಿ ಒಮ್ಮೆ ತಿರುಗಿ ನೋಡಿದಳು.

ಕಾಲು ಇನ್ನೂ ಮೇಲೆಯೇ ಇತ್ತು.