ಅಪ್ಪನ ತಂತಿ, ಕಟೀರಿಯಾಳ ಲೆಕ್ಕ

ನನ್ನ ಹೆಂಡತಿ ಕಟೀರಿಯಾ ಮದುವೆಯಾಗಿ ನಮ್ಮ ದ್ವೀಪಕ್ಕೆ ಬಂದಾಗ ಅವಳ ಚೀಲದಲ್ಲಿ ಬಟ್ಟೆಬರೆಯ ಜೊತೆಗೆ ಕರೆಂಟು ಅಳೆಯುವ ಒಂದು ಮೀಟರೂ ಇತ್ತು. ರಾಜಧಾನಿ ತರಾವಾದಲ್ಲಿ ಕರೆಂಟಿನ ಕೆಲಸ ಕಲಿತು ಬಂದವಳು. ನನಗೋ ಮೀನು ಹಿಡಿಯುವುದು, ತೆಂಗಿನ ಮರ ಹತ್ತಿ ನೀರಾ ಇಳಿಸುವುದು ಬಿಟ್ಟರೆ ಬೇರೇನೂ ಬಾರದು. ಅವಳ ವಿಷಯ ಹೇಳುವಾಗ ನನ್ನ ದನಿ ಸ್ವಲ್ಪ ಏರಿದರೆ ಸಹಿಸಿಕೊಳ್ಳಿ.

ನಮ್ಮಪ್ಪ ಇಯೋಟೆಬಾ ಊರಿನ ಹಿರಿಯರಲ್ಲಿ ಒಬ್ಬ. ಬಿಸಿಲಿನಿಂದ ಕರೆಂಟು ಮಾಡುವ ಹಲಗೆಗಳು ಮೊದಲ ಸಲ ಹಡಗಿನಲ್ಲಿ ಬಂದಾಗ, ಬ್ಯಾಟರಿ ಕೋಣೆಯಿಂದ ಆಸ್ಪತ್ರೆಯವರೆಗೆ ತಂತಿ ಎಳೆದವನು ಅವನೇ. ಮಾನೇಬಾದಲ್ಲಿ, ಅಂದರೆ ಊರಿಗೆಲ್ಲ ಸೇರಿದ ಆ ದೊಡ್ಡ ಚಾವಣಿಯಡಿ, ಅವನು ತನ್ನ ಮನೆತನದ ಕಂಬಕ್ಕೆ ಒರಗಿ ಕೂತು ಒಂದು ಮಾತು ಆಡಿದರೆ ಅದನ್ನು ಮೀರಿ ಮಾತಾಡುವವರು ಕಡಿಮೆ. ಸೊಸೆಯನ್ನು ಮಾತ್ರ ‘ಮೀಟರಮ್ಮ’ ಎಂದು ರೇಗಿಸುತ್ತಿದ್ದ. ಅವಳು ನಗುತ್ತಿದ್ದಳು.

ಒಂದು ದಿನ ನರ್ಸ್ ಟಾಬೇಯಾ ಮಾನೇಬಾಕ್ಕೆ ಬಂದು ತನ್ನ ಕಷ್ಟ ಹೇಳಿಕೊಂಡಳು. ಆಸ್ಪತ್ರೆಯ ಫ್ರಿಜ್ಜು ಶುರುವಾಗುತ್ತದೆ, ಸ್ವಲ್ಪ ಹೊತ್ತಿಗೇ ನಿಂತುಬಿಡುತ್ತದೆ. ಮಕ್ಕಳ ಲಸಿಕೆ ಹೊತ್ತ ದೋಣಿ ತರಾವಾ ಬಿಟ್ಟಾಗಿದೆ. ಫ್ರಿಜ್ಜು ತಣ್ಣಗಿಲ್ಲದಿದ್ದರೆ ಲಸಿಕೆಯನ್ನು ಇಲ್ಲಿ ಇಳಿಸುವುದೇ ಇಲ್ಲ, ಹಾಗೇ ಮುಂದಿನ ದ್ವೀಪಕ್ಕೆ ಹೋಗುತ್ತದೆ. ಅಪ್ಪ ಒಂದೇ ಮಾತಿನಲ್ಲಿ ತೀರ್ಮಾನ ಹೇಳಿದ: ಬ್ಯಾಟರಿ ಮುದಿಯಾಗಿದೆ, ಮಾನೇಬಾದ ದೀಪದ ಬ್ಯಾಟರಿ ಬಿಚ್ಚಿ ಅಲ್ಲಿಗೆ ಹಾಕಿ. ಎಲ್ಲರೂ ತಲೆಯಾಡಿಸಿದರು.

ಮನೆಗೆ ಬರುವ ದಾರಿಯಲ್ಲಿ ಕಟೀರಿಯಾ ಮೆಲ್ಲಗೆ ಹೇಳಿದಳು: “ಬ್ಯಾಟರಿ ಸರಿಯಾಗೇ ಇದೆ. ನಾನು ನೋಡಿದೀನಿ.”

“ಹಂಗಾದ್ರೆ ಅಲ್ಲೇ ಹೇಳ್ಬೇಕಿತ್ತು.”

“ಊರವರ ಎದುರಿಗಾ? ಬ್ಯಾಟರಿ ಅಲ್ಲ ಅಂದ್ರೆ ಉಳಿಯೋದು ತಂತಿ. ಆ ತಂತಿ ಎಳೆದೋರು ಯಾರು ಅಂತ ಮರೆತೋಯ್ತಾ ನಿಂಗೆ?”



ಮರುದಿನ ಬೆಳಿಗ್ಗೆ ಅಪ್ಪ ಸುಟ್ಟ ದೀವಿಹಲಸು ತಿಂದು ಬಲೆ ಹೊಲಿಯುತ್ತ ಕೂತಿದ್ದ. ಕಟೀರಿಯಾ ಅವನ ಮುಂದೆ ಕೂತು, ತಂತಿ ಯಾವ ದಾರಿಯಲ್ಲಿ ಹೋಗಿದೆ ಎಂದು ಗೊತ್ತಿರುವುದು ಅವನೊಬ್ಬನಿಗೇ, ಬಂದು ತೋರಿಸಬೇಕು ಎಂದು ಕೇಳಿಕೊಂಡಳು. ಅದು ನಿಜವೂ ಆಗಿತ್ತು. ಅಪ್ಪ ಬಲೆ ಪಕ್ಕಕ್ಕಿಟ್ಟು ಎದ್ದ. ನಾನೂ ಹಿಂದೆ ಹೋದೆ.

ಫ್ರಿಜ್ಜು ಓಡುತ್ತಿರುವಾಗಲೇ ಅವಳು ಮೀಟರನ್ನು ಅಪ್ಪನ ಕೈಗೆ ಕೊಟ್ಟು ಓದಿಸಿದಳು. ಬ್ಯಾಟರಿಯ ಹತ್ತಿರ ಹನ್ನೆರಡು ಪಾಯಿಂಟ್ ಆರು ವೋಲ್ಟ್. ಫ್ರಿಜ್ಜಿನ ಹತ್ತಿರ ಹತ್ತು ಪಾಯಿಂಟ್ ಎರಡು. ತಂತಿಯಲ್ಲಿ ಹರಿಯುತ್ತಿದ್ದದ್ದು ಆರು ಆಂಪ್.

“ನಿನ್ನ ಮೀಟರ್ ಸುಳ್ಳು ಹೇಳ್ತಿದೆ,” ಎಂದ ಅಪ್ಪ. ಮತ್ತೆ ಬ್ಯಾಟರಿ ಕೋಣೆಗೆ ನಡೆದು ತಾನೇ ಅಳೆದ. ಅದೇ ಅಂಕಿ ಬಂತು.

“ಎರಡು ಪಾಯಿಂಟ್ ನಾಲ್ಕು ವೋಲ್ಟ್ ದಾರೀಲಿ ಕಳೆದುಹೋಗ್ತಿದೆ ಮಾವ,” ಎಂದು ಕಟೀರಿಯಾ ಮರಳಿನ ಮೇಲೆ ಕಡ್ಡಿಯಿಂದ ಬರೆದಳು. “ಅದನ್ನ ಆರರಿಂದ ಭಾಗಿಸಿದ್ರೆ ತಂತಿಯ ತಡೆ ಸಿಗುತ್ತೆ. ಸೊನ್ನೆ ಪಾಯಿಂಟ್ ನಾಲ್ಕು ಓಮ್. ಆ ಎರಡು ಪಾಯಿಂಟ್ ನಾಲ್ಕನ್ನೇ ಆರರಿಂದ ಗುಣಿಸಿದ್ರೆ ಹದಿನಾಲ್ಕು ಪಾಯಿಂಟ್ ನಾಲ್ಕು ವ್ಯಾಟ್. ಅಷ್ಟು ಶಕ್ತಿ ಫ್ರಿಜ್ಜಿಗೆ ಹೋಗದೆ ಬರೀ ಶಾಖ ಆಗ್ತಿದೆ. ಅದಕ್ಕೇ ಅದು ನಿಂತುಹೋಗ್ತಿರೋದು. ನೀವು ಹಾಕಿರೋದು ದಪ್ಪನೆ ತಂತಿ. ಇಷ್ಟು ದೂರಕ್ಕೆ ಅದರ ತಡೆ ಸೊನ್ನೆ ಪಾಯಿಂಟ್ ಒಂದು ಇರಬೇಕು, ಅಷ್ಟೆ. ನಾಲ್ಕರಲ್ಲಿ ಮಿಕ್ಕ ಮೂರು ಪಾಲು ಎಲ್ಲೋ ಒಂದೇ ಕಡೆ ಕೂತಿದೆ.”

ಅಪ್ಪ ಆ ಅಂಕಿಗಳನ್ನು ಬಹಳ ಹೊತ್ತು ನೋಡಿದ. ಆಮೇಲೆ ಲಗೂನಿನ, ಅಂದರೆ ದ್ವೀಪದ ಒಳಗಡಲಿನ, ದಡದತ್ತ ನಡೆದ. ಮೊದಲ ಸಲ ಎಳೆಯುವಾಗ ತಂತಿ ಸಾಲದೆ ಹೋದದ್ದರಿಂದ ಎರಡು ತುಂಡು ಸೇರಿಸಿ, ಆ ಜೋಡಣೆಯನ್ನು ಒಂದು ಕಂಬದ ಮೇಲಿನ ಡಬ್ಬಿಯಲ್ಲಿ ಮುಚ್ಚಿದ್ದನಂತೆ. ಮುಚ್ಚಳ ತೆಗೆದು ಬೆರಳಿಟ್ಟವನು ಚಟ್ಟನೆ ಕೈ ಹಿಂದಕ್ಕೆಳೆದ. ತಾಮ್ರದ ಮೇಲೆಲ್ಲ ಹಸಿರು ಪುಡಿ. ಮೇಲಿನ ರಬ್ಬರು ಕರಗಿ ಕಪ್ಪಾಗಿತ್ತು.

ಕಟೀರಿಯಾ ಜೋಡಣೆಯ ಎರಡೂ ಬದಿಗೆ ಮೀಟರಿನ ಮೊನೆ ಮುಟ್ಟಿಸಿದಳು. ಒಂದು ಪಾಯಿಂಟ್ ಎಂಟು ವೋಲ್ಟ್. ಅವಳು ಕಡ್ಡಿಗೆ ಕೈ ಹಾಕುವ ಮೊದಲೇ ಅಪ್ಪ ಅದನ್ನು ಎತ್ತಿಕೊಂಡ.

“ತಡಿ. ನಾನು ಹಾಕ್ತೀನಿ,” ಎಂದು ಮರಳಿನ ಮೇಲೆ ಕುಕ್ಕುರುಗಾಲಲ್ಲಿ ಕೂತ. ಒಂದು ಸಲ ತಪ್ಪಿ, ಅಳಿಸಿ, ಮತ್ತೆ ಬರೆದ. “ಸೊನ್ನೆ ಪಾಯಿಂಟ್ ಮೂರು ಓಮ್. ಹತ್ತು ಪಾಯಿಂಟ್ ಎಂಟು ವ್ಯಾಟ್. ಇಷ್ಟೇ ಜಾಗದಲ್ಲಿ. ಸುಡದೆ ಇನ್ನೇನಾಗುತ್ತೆ.”

“ನೀವು ಜೋಡಿಸಿದ್ದು ಚೆನ್ನಾಗೇ ಇತ್ತು ಮಾವ. ಕಡಲ ಉಪ್ಪು ಅದನ್ನ ತಿಂದುಬಿಟ್ಟಿದೆ.”

ಇಬ್ಬರೂ ಸೇರಿ ಕರೆಂಟು ನಿಲ್ಲಿಸಿ, ಹಸಿರು ಹಿಡಿದ ತುದಿಗಳನ್ನು ಕತ್ತರಿಸಿ, ಹೊಸ ತಾಮ್ರದ ಕೊಳವೆ ತೊಡಿಸಿ ಬಿಗಿದರು. ನೀರು ತಾಗದಂತೆ ಮೇಲೆ ಗ್ರೀಸು ಮೆತ್ತಿದರು. ಮತ್ತೆ ಅಳೆದಾಗ ಫ್ರಿಜ್ಜಿನ ಹತ್ತಿರ ಹನ್ನೆರಡು ವೋಲ್ಟ್ ಬರುತ್ತಿತ್ತು. ಟಾಬೇಯಾ ಸಂಜೆಯವರೆಗೂ ಅದರ ಪಕ್ಕದಲ್ಲೇ ಕೂತಿದ್ದಳು, ಅದು ನಿಲ್ಲಲಿಲ್ಲ.

ಸಂಜೆ ಮಾನೇಬಾದಲ್ಲಿ ಬ್ಯಾಟರಿ ಬಿಚ್ಚಲು ಹುಡುಗರು ಸಜ್ಜಾಗಿದ್ದರು. ಅಪ್ಪ ಕೆಲಸ ಮುಗಿಯಿತೆಂದಷ್ಟೇ ಹೇಳಿದ್ದರೂ ಯಾರೂ ಮರುಪ್ರಶ್ನೆ ಹಾಕುತ್ತಿರಲಿಲ್ಲ. ಅವನು ಎದ್ದು ನಿಂತ.

“ಬ್ಯಾಟರಿ ಮುಟ್ಟಬೇಡಿ. ನಿನ್ನೆ ನಾನು ಹೇಳಿದ್ದು ತಪ್ಪು. ಕೆಟ್ಟಿದ್ದು ನಾನು ಹಾಕಿದ ಜೋಡಣೆ. ಎಲ್ಲಿ ಕೆಟ್ಟಿದೆ, ಎಷ್ಟು ಕೆಟ್ಟಿದೆ ಅಂತ ಲೆಕ್ಕ ಹಾಕಿ ಹಿಡಿದವಳು ನನ್ನ ಸೊಸೆ.” ಆಮೇಲೆ ಹಿಂದೆ ಹೆಂಗಸರ ನಡುವೆ ಕೂತಿದ್ದ ಅವಳತ್ತ ತಿರುಗಿದ. “ಮುಂದೆ ಬಾ ಮಗಳೇ. ಇವರಿಗೂ ಹೇಳಿಕೊಡು.”

ಕಟೀರಿಯಾ ಹಿರಿಯರ ಮುಂದೆ ಬಂದು ಕೂತು ಎಲ್ಲವನ್ನೂ ವಿವರಿಸಿದಳು. ಅಪ್ಪನ ಹಳೆಯ ಗೆಳೆಯನೊಬ್ಬ ಕೇಳಿದ: “ನಿನ್ನ ಮಾವನ ತಲೇಲಿ ಎಷ್ಟು ತಡೆ ಇದೆ ಅಂತ ಅಳೆದಿಯೇನಮ್ಮ?”

“ಅಳೆದೆ ತಾತ. ನೀವೆಲ್ಲ ಅಂದುಕೊಂಡಿರೋದಕ್ಕಿಂತ ಬಹಳ ಕಮ್ಮಿ ಇದೆ.”

ಚಾವಣಿ ಹಾರಿಹೋಗುವಂತೆ ಎಲ್ಲರೂ ನಕ್ಕರು, ಎಲ್ಲರಿಗಿಂತ ಜೋರಾಗಿ ಅಪ್ಪ.

ದೋಣಿ ಬಂತು, ಲಸಿಕೆ ಇಳಿಯಿತು. ತಾಯಂದಿರು ಕೂಸುಗಳನ್ನು ಎತ್ತಿಕೊಂಡು ಬಂದಾಗ ಅಪ್ಪ ಆಸ್ಪತ್ರೆಯ ಬಾಗಿಲಲ್ಲೇ ನಿಂತು ಒಬ್ಬೊಬ್ಬರಿಗೂ ತನ್ನ ಸೊಸೆಯ ಕಥೆ ಹೇಳುತ್ತಿದ್ದ. ಓಮ್ ಅನ್ನಬೇಕಾದ ಕಡೆ ವ್ಯಾಟ್ ಅನ್ನುತ್ತಿದ್ದ. ಕಟೀರಿಯಾ ಒಳಗೆ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು, ಒಮ್ಮೆಯೂ ತಿದ್ದಲಿಲ್ಲ.