ಅತ್ತೆ ಕೂತ ಕಡೆಯಿಂದ ಎರಡೇ ನಡೆ

೧

ಈ ಕಥೆಯನ್ನು ಯಾರು ಶುರುಮಾಡಬೇಕು? ಚದುರಂಗದ ಒಗಟುಗಳಲ್ಲಿ ಆ ರಗಳೆಯೇ ಇಲ್ಲ. ಮೊದಲ ನಡೆ ಬಿಳಿಯದು, ಇಂತಿಷ್ಟು ನಡೆಯಲ್ಲಿ ಮುಗಿಯಬೇಕು ಎಂದು ಚಿತ್ರದ ಕೆಳಗೇ ಬರೆದಿರುತ್ತಾರೆ. ನನ್ನ ಮುಂದೆಯೂ ಬಿಳಿಯೇ ಇದೆ, ಹಾಳೆಯ ರೂಪದಲ್ಲಿ. ಬೆಳಗಿನಿಂದ ಒಂದು ಹೆಜ್ಜೆಯೂ ನಡೆದಿಲ್ಲ.

ಕರಡು: “ಮಂದ ಬೆಳಕಿನಲ್ಲಿ ಅವನ ಬೆರಳುಗಳು ಒಂಟಿಯಾಗಿದ್ದ ಒಂಟೆಯನ್ನು ನೇವರಿಸಿದವು.”

(ಒಂಟೆ ಎಂದರೆ ಓರೆಯಾಗಿ ಓಡುವ ಕಾಯಿ. ಒಂಟಿ-ಒಂಟೆಯ ಪ್ರಾಸಕ್ಕೆಂದೇ ಹುಟ್ಟಿದ ವಾಕ್ಯ. ಹರಿದುಹಾಕಿದ್ದೇನೆ, ಸಂತಾಪ ಸೂಚಿಸಬೇಡಿ.)

೨

ಸೀದಾ ಹೇಳಿಬಿಡುತ್ತೇನೆ. ಅಳಿಯ ಹಲ್ಲಿನ ಸೆಟ್ಟು ಮಾಡುವವನು. ದಂತವೈದ್ಯರು ಕಳಿಸುವ ಅಚ್ಚುಗಳಿಗೆ ಮೇಣ ತುಂಬಿ, ಅರೆದು, ಉಜ್ಜಿ, ಕಂಡವರ ಬಾಯಿಗೆಲ್ಲ ನಗು ಕೂಡಿಸುತ್ತಾನೆ. ಬಿಡುವಾದಾಗ ಚದುರಂಗದ ಒಗಟು ಕಟ್ಟುತ್ತಾನೆ: ಕಪ್ಪು ಏನೇ ತಿಪ್ಪರಲಾಗ ಹಾಕಿದರೂ ಹೇಳಿದಷ್ಟೇ ನಡೆಯಲ್ಲಿ ಕಪ್ಪು ರಾಜನಿಗೆ ಚೆಕ್‌ಮೇಟ್. ಇಷ್ಟು ವರ್ಷ ಬೇರೆಯವರ ಅಚ್ಚು ತೆಗೆದಾಯಿತು, ತನ್ನದೊಂದು ಒಗಟು ಪತ್ರಿಕೆಯಲ್ಲಿ ಅಚ್ಚಾಗಲಿ ಎಂಬುದು ಅವನ ಆಸೆ. ಒಂದೇ ಒಂದು ಸಾಕು.

ಅಡ್ಡಗಾಲು ಹಾಕಿಕೊಂಡು ಕೂತವರು ಅತ್ತೆ. ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಇಂಥ ಒಗಟಿಗೆ ದಾರಿ ಒಂದೇ ಇರಬೇಕು. ಎರಡನೆಯದು ಸಿಕ್ಕಿದರೆ ಒಗಟು ಕೆಟ್ಟಿತೆಂದು ಅರ್ಥ, ಯಾವ ಪತ್ರಿಕೆಯೂ ಮುಟ್ಟುವುದಿಲ್ಲ. ಅಳಿಯ ಈವರೆಗೆ ಕಟ್ಟಿದ್ದಕ್ಕೆಲ್ಲ ಅತ್ತೆ ಎರಡನೆಯ ದಾರಿ ಹುಡುಕಿಕೊಟ್ಟಿದ್ದಾರೆ. (ಅವರ ದನಿ ಅನುಕರಿಸುತ್ತೇನೆ, ಕೇಳಿ. ಮೂಗಿನಿಂದ ಮೇಲೇರಿ ಕನ್ನಡಕದ ಮೇಲಿಂದ ಇಳಿಯುತ್ತದೆ.) “ಅಳಿಯಂದ್ರೇ, ಈ ಕುದುರೆ ಟಿಕೆಟ್ ತಗೊಂಡಿಲ್ಲ. ಇಳಿಸಿ ಕೆಳಗೆ.”

೩

ಪತ್ರಿಕೆಯೊಂದರ ಒಗಟು ಸ್ಪರ್ಧೆಗೆ ಇವತ್ತು ಸಂಜೆಯೇ ಗಡುವು. ಯಾವಾಗಲೂ ಹಾಳೆಯಲ್ಲಿ ಚಿತ್ರ ಬರೆದು ಅತ್ತೆಯ ಕೈಗೆ ಕೊಡುವವನು, ಇವತ್ತು ಹೊತ್ತಾಯಿತೆಂದು ಹಲಗೆಯನ್ನೇ ತಂದು ಊಟದ ಮೇಜಿನ ಮೇಲಿಟ್ಟ. ಅತ್ತೆ ಎದುರಿಗೆ ಕೂತು ಬಟಾಣಿ ಸುಲಿಯುತ್ತಿದ್ದರು.

“ಬಿಳಿ ನಡೆ. ಮೂರರಲ್ಲಿ ಮೇಟ್,” ಎಂದ.

ಅತ್ತೆ ಬಟಾಣಿ ಸುಲಿದು ಮುಗಿಯುವವರೆಗೆ ನೋಡಿದರು. “ಮೂರು ಯಾಕೆ ದಂಡಕ್ಕೆ? ಎರಡೇ ಸಾಕಲ್ಲ.”

ಅಳಿಯನ ಮುಖ ಅರ್ಧ ಹಲ್ಲು ಕೂಡಿಸಿದ ಸೆಟ್ಟಿನಂತಾಯಿತು.

ಮುಕ್ತಾಯ, ಮೊದಲನೆಯದು: ಅವನು ಎದ್ದು ಕಾಯಿಗಳನ್ನೆಲ್ಲ ಕಿಟಕಿಯಿಂದಾಚೆ ಎಸೆದ. ಬೀದಿಯ ಧೂಳಿನಲ್ಲಿ ಬಿಳಿ ರಾಜ ಅಂಗಾತ—

“ಸ್ವಲ್ಪ ನಿಲ್ಸಿ,” ಎಂದ ಅಳಿಯ, ನನಗೆ. “ನಾನ್ಯಾಕೆ ಎಸೀಲಿ? ಆ ರಾಜನ ಕತ್ತು ಮುರಿದಾಗ ಒಸಡು ಮಾಡೋ ಪ್ಲಾಸ್ಟಿಕ್ ಹಾಕಿ ಕೂಡ್ಸಿದೋನು ನಾನು. ಗುಲಾಬಿ ಮಫ್ಲರ್ ಸುತ್ಕೊಂಡ ಹಾಗಿದಾನೆ, ನೋಡಿ.”

“ದುಃಖ ಇದ್ರೆ ಕಥೆಗೆ ತೂಕ ಬರುತ್ತೆ ಕಣಪ್ಪ.”

“ತೂಕ ಬೇಕಿದ್ರೆ ತಕ್ಕಡಿ ಇಟ್ಕೊಳ್ಳಿ.”

ಸರಿ, ಎರಡನೆಯದು: ಅತ್ತೆಯ ಕರುಳು ಚುರುಕ್ ಎಂದು, ಕಂಡದ್ದನ್ನು ನುಂಗಿಕೊಂಡು, “ನಂದೇ ತಪ್ಪು, ಮೂರೇ ಬೇಕು” ಎಂದುಬಿಡುತ್ತಾರೆ.

ಬಟಾಣಿ ಸಿಪ್ಪೆಯೊಂದು ನನ್ನ ಹಾಳೆಯ ಮೇಲೆ ಬಂದು ಬಿತ್ತು.

“ಸ್ವಂತ ತಮ್ಮನಿಗೇ ಫೈನ್ ಹಾಕಿದೋಳು ನಾನು,” ಎಂದರು ಅತ್ತೆ. “ಅದಿರ್ಲಿ, ನೀವೇನ್ರೀ ಒಂದು ಕಥೆಗೆ ಎರಡೆರಡು ಮುಕ್ತಾಯ ಜೇಬಲ್ಲಿಟ್ಕೊಂಡು ಓಡಾಡ್ತಿದೀರಿ? ನಮ್ಮಲ್ಲಾದ್ರೆ ಕಸದ ಬುಟ್ಟೀಗೆ.”

(ನಮ್ಮಲ್ಲಿ ಅದನ್ನೇ ಆಧುನಿಕೋತ್ತರ ಎನ್ನುತ್ತಾರೆ ಎಂದು ಹೇಳಬೇಕೆಂದಿದ್ದೆ. ಉತ್ತರ ಕೊಟ್ಟರೆ ಟಿಕೆಟ್ ಕೇಳಿಯಾರು ಎಂದು ಸಿಪ್ಪೆ ಕೊಡವಿ ಹಾಳೆ ತಿರುಗಿಸಿದೆ.)

೩, ಮತ್ತೆ

ಅತ್ತೆಯ ಮಗಳು, ಅಂದರೆ ಅಳಿಯನ ಹೆಂಡತಿ, ಒಳಗಿನಿಂದ ಬಂದಳು. ಕಟ್ಟಡಗಳ ನಕ್ಷೆ ಬರೆಯುವುದು ಅವಳ ಕೆಲಸ. ಕಿವಿಯ ಮೇಲೆ ಇನ್ನೂ ಪೆನ್ಸಿಲ್ ಇತ್ತು. “ಮೊದ್ಲು ಅಮ್ಮ ನಡೆಸಿ ತೋರಿಸ್ಲಿ. ಆಮೇಲೆ ಅತ್ಕೊಳ್ಳಿ, ನಾನೂ ಜೊತೆ ಕೊಡ್ತೀನಿ,” ಎಂದಳು ಗಂಡನಿಗೆ.

ಅತ್ತೆ ಒಂದು ಬಿಳಿ ಕಾಲಾಳನ್ನು ಅಂಚಿನ ಮನೆಗೆ ತಳ್ಳಿದರು. “ಕೊನೇ ಮನೆ ಮುಟ್ತು, ಬಡ್ತಿ ಸಿಕ್ತು. ಕುದುರೆ ಮಾಡ್ಕೋತೀನಿ. ಕಪ್ಪು ಏನಾದ್ರೂ ಮಾಡ್ಕೊಳ್ಲಿ, ಆನೆ ಬಂದು ಕೂತ್ರೆ ಮುಗೀತು.”

“ಅತ್ತೆ, ಕಾಲಾಳು ಹಿಂದಕ್ಕೆ ಹೋಗಲ್ಲ.”

“ಹಿಂದಕ್ಕೆಲ್ಲಿ ಹೋಯ್ತು? ಮುಂದಕ್ಕೇ ಹೋಗಿದ್ದು.”

“ನನ್ನ ಹೊಟ್ಟೆ ಕಡೆ ಬಂತಲ್ಲ.”

“ನಿಮ್ಮ ಹೊಟ್ಟೆ ನನ್ನ ಮುಂದೇ ಇದೆಯಲ್ಲ.”

ಇಬ್ಬರೂ ಒಟ್ಟಿಗೇ ಹಲಗೆ ನೋಡಿದರು. ಹಾಳೆಗೆ ತಲೆ-ಬುಡ ಇರುತ್ತದೆ, ಬಿಳಿ ಯಾವಾಗಲೂ ಕೆಳಗಿನಿಂದ ಮೇಲಕ್ಕೆ. ಮೇಜಿನ ಮೇಲಿನ ಹಲಗೆಗೆ ಅದಿಲ್ಲ. ಬಿಳಿ ತನ್ನ ಕಡೆಯದೆಂದು ಅಳಿಯ ಕೂತಿದ್ದ, ತಮ್ಮ ಕಡೆಯದೆಂದು ಅತ್ತೆ. ಅವನ ಕಣ್ಣಿಗೆ ಇನ್ನೂ ಮನೆ ಬಿಟ್ಟು ಹೊರಡದ ಕಾಲಾಳು, ಅತ್ತೆಯ ಕಣ್ಣಿಗೆ ಬಡ್ತಿಯ ಬಾಗಿಲಲ್ಲಿತ್ತು.

ಅಳಿಯ ಕಾಲಾಳನ್ನು ಮೊದಲಿನ ಜಾಗಕ್ಕಿಟ್ಟು, ಓಡಿಬಂದು ಅತ್ತೆಯ ಹೆಗಲ ಹಿಂದೆ ನಿಂತ. ಎರಡು ನಡೆ, ಬೇರೆ ದಾರಿಯಿಲ್ಲ. ತುಟಿ ಅಲುಗಿಸುತ್ತ ಮತ್ತೊಮ್ಮೆ ಲೆಕ್ಕ ಹಾಕಿದ. ಆಮೇಲೆ ನಗತೊಡಗಿದ, ತಾನೇ ಮಾಡಿಕೊಟ್ಟ ಹಲ್ಲುಗಳೆಲ್ಲ ಒಟ್ಟಿಗೇ ನಕ್ಕಂತೆ.

“ಅತ್ತೆ, ಇದು ಕೆಟ್ಟಿಲ್ಲ. ಅವಳಿ ಹುಟ್ಟಿದೆ. ನನ್ನ ಕಡೆಯಿಂದ ಮೂರು, ಹಲಗೆ ತಿರುಗಿಸಿಟ್ರೆ ಎರಡು. ಅವಳಿ ಒಗಟನ್ನ ಪತ್ರಿಕೆಯೋರು ಕಣ್ಣಿಗೊತ್ತಿಕೊಂಡು ತಗೋತಾರೆ.”

“ಎರಡನೇದು ಹೆತ್ತಿದ್ದು ನಾನು. ನನ್ನ ಹೆಸರೂ ಹಾಕಿ.”

“ಮೊದ್ಲು ನಿಮ್ಮದೇ ಹಾಕ್ತೀನಿ.”

“ಅಷ್ಟೊಂದು ಬೆಣ್ಣೆ ಬೇಡ. ದಾರಿ ಬಿಡಿ, ನಿಮ್ಮ ಕಡೆಯದನ್ನೂ ನೋಡ್ತೀನಿ.” ಅತ್ತೆ ಮೇಜು ಸುತ್ತಿ ಅಳಿಯನ ಕುರ್ಚಿಯಲ್ಲಿ ಕೂತರು. ಒಂಟೆ ನೋಡಿದರು, ಆನೆ ನೋಡಿದರು, ಮಫ್ಲರಿನ ರಾಜನನ್ನು ಅಡಿಮೇಲು ಮಾಡಿ ನೋಡಿದರು. ಅಳಿಯ ಉಸಿರು ಹಿಡಿದಿದ್ದ. (ನಾನೂ ಹಿಡಿದಿದ್ದೆ. ಬರೆಯುತ್ತಿರುವವನು ನಾನೇ ಎಂಬುದು ಮರೆತೇಹೋಗಿತ್ತು.)

“ಎಲ್ಲಾರ ಹತ್ರಾನೂ ಟಿಕೆಟ್ ಇದೆ,” ಎಂದರು ಅತ್ತೆ. “ಹೋಗ್ಲಿ, ರೈಟ್.”

೪

ಇಲ್ಲಿ ಮುಗಿಸಬಹುದಿತ್ತು. “ಅಳಿಯ ಫೋನಿನಲ್ಲಿ ಕಳಿಸು ಎಂಬ ಗುಂಡಿ ಒತ್ತಿದ” ಎಂದು ಬರೆದೂ ಬಿಟ್ಟಿದ್ದೆ. ಅಷ್ಟರಲ್ಲಿ ಮಗಳು ಮೇಜಿನ ಅಡ್ಡ ಬದಿಗೆ ಕುರ್ಚಿ ಎಳೆದುಕೊಂಡು ಕೂತು, ಕಿವಿಯಿಂದ ಪೆನ್ಸಿಲ್ ತೆಗೆದಳು.

“ರೀ, ಬಿಳಿ ಇಲ್ಲಿಂದ ಹೊರಟ್ರೆ?”

“ಅಡ್ಡಡ್ಡ ಹೊರಡಲ್ಲ ಕಣೇ.”

“ಹಲಗೇನ ಕಾಲು ಸುತ್ತು ತಿರುಗಿಸಿದ್ರೆ ಹೊರಡುತ್ತಲ್ಲ. ಇಲ್ಲಿಂದ ಒಂದೇ ನಡೆ ಅನ್ಸುತ್ತೆ.”

ಅಳಿಯನ ಬೆರಳು ಗುಂಡಿಯ ಮೇಲೆಯೇ ನಿಂತಿತು. ನನ್ನ ವಾಕ್ಯವನ್ನು ಹೊಡೆದುಹಾಕಿದ್ದೇನೆ. ಮೂರೂ ತಲೆಗಳು ಈಗ ಮಗಳ ಬದಿಯಲ್ಲಿವೆ, “ಸರಿಯೇ ಸ್ವಲ್ಪ,” “ಅಮ್ಮಾ ಮೊಣಕೈ,” “ಇದು ಇದ್ರೂ ಇರಬಹುದು ಕಣೇ.” ಗಡುವಿಗೆ ಇನ್ನೂ ಹೊತ್ತಿದೆಯೋ ಇಲ್ಲವೋ, ಗಡಿಯಾರದ ಕಡೆ ಯಾರೂ ತಿರುಗುತ್ತಿಲ್ಲ. ನಾನೂ ತಿರುಗುವುದಿಲ್ಲ.

ನಾಲ್ಕನೆಯ ಬದಿಯಲ್ಲಿ ನೀವಿದ್ದೀರಿ. ಅಲ್ಲಿಂದ ನೋಡಿದರೆ ಆಟ ಆಗಲೇ ಮುಗಿದಿರಬಹುದು, ಇನ್ನೂ ಒಂದು ಕಾಯಿಯೂ ಅಲುಗದೆ ಇರಬಹುದು. ಏನು ಕಂಡರೂ ನನಗೆ ಹೇಳಬೇಡಿ. ಅತ್ತೆ ಕನ್ನಡಕ ಒರೆಸಿಕೊಂಡು ನಿಮ್ಮ ಕಡೆಗೇ ಬರುತ್ತಿದ್ದಾರೆ. ಕೊಂಚ ಸರಿದು ಜಾಗ ಕೊಡಿ.