ಏರುನೀರಿನ ಏಳು ಬಾಟಲಿ

ಪೂವಪ್ಪನ ಬಲಗೈ ಮುರಿದದ್ದು ಅವನದೇ ಕೊಡತಿಯಿಂದ. ಕೊಳೆತ ತೆಂಗಿನ ಸಿಪ್ಪೆಯನ್ನು ಬಡಿದು ಹಗ್ಗದ ನಾರು, ಕತ್ತ ತೆಗೆಯುವ ಆ ಮರದ ಕೊಡತಿ ಯಾವಾಗಲೂ ಸಿಪ್ಪೆ ಕೊಳೆಯಿಸುವ ಹೊಂಡದ ಬದಿಯ ಕಲ್ಲಿನ ಮೇಲೆಯೇ ಇರುತ್ತಿತ್ತು. ಬೆಂಗ್ರೆಯಿಂದ ಮೂರು ದೋಣಿಗಳಲ್ಲಿ ಹೊಳೆಯ ಮೇಲೆ ಬಂದವರು ಬರಿಗೈಯಲ್ಲೇ ಬಂದಿದ್ದರು. ಇಬ್ಬರು ಅವನ ಕೈಯನ್ನು ಅದೇ ಕಲ್ಲಿಗೆ ಒತ್ತಿ ಹಿಡಿದರು. ಮೀನುಗಾರರ ಮುಂದಾಳು ದೂಮಣ್ಣ ಎರಡು ಸಲ ಹೊಡೆದ. ಮೂರನೆಯ ಪೆಟ್ಟಿಗೆ ಬಾಗಿ ಎಂಬ ಹೆಸರಿನ ಪೂವಪ್ಪನ ಹೆಂಡತಿ ಅಡ್ಡಬಿದ್ದಳು. ಅದು ಅವಳ ಭುಜಕ್ಕೆ ತಾಗಿತು.

"ಆದಿತ್ಯವಾರ ಪುನಃ ಬರ್ತೇವೆ," ಎಂದ ದೂಮಣ್ಣ. "ಅಷ್ಟರೊಳಗೆ ಜಾಗ ಬಿಡದಿದ್ದರೆ ಮನೆಗೆ ಬೆಂಕಿ ಕೊಡುವುದೇ. ನಮ್ಮ ಮೀನು ಕೊಂದು ನೀನು ಹಗ್ಗ ಹೊಸೆಯುವುದು ಎಂತಕ್ಕೆ?"

ಆ ತಿಂಗಳು ಗುರುಪುರ ಹೊಳೆಯಲ್ಲಿ ಮೀನು ಸತ್ತು ತೇಲುತ್ತಿದ್ದದ್ದು ನಿಜ. ಬಲೆ ಎಳೆದರೆ ನಾತ. ಒಳ್ಳೆಯ ಮೀನು ತಂದರೂ ಬೆಂಗ್ರೆಯವರದ್ದೆಂದು ಗೊತ್ತಾದರೆ ಪೇಟೆಯಲ್ಲಿ ಯಾರೂ ಮುಟ್ಟುತ್ತಿರಲಿಲ್ಲ. ಆದರೆ ಹೊಲಸಿನ ಮೂಲ ಪೂವಪ್ಪನ ಹೊಂಡ ಎಂದು ಅವರಿಗೆ ತೋರಿಸಿಕೊಟ್ಟದ್ದು ಒಂದು ನಕ್ಷೆ. ಅದನ್ನು ಬಿಡಿಸಿದವನು ಕಾಲೇಜಿನ ರಸಾಯನಶಾಸ್ತ್ರದ ಮಾಸ್ತರ ಗುಣಪಾಲ.

ಎಂಬತ್ತಮೂರರಲ್ಲಿ ಆ ಲೆಕ್ಕ ಊರಿಗೆ ಹೊಸದು. ಗುಣಪಾಲ ಅದನ್ನು ಬೊಂಬಾಯಿಯಲ್ಲಿ ಓದುವಾಗ ಕಲಿತಿದ್ದ. ಇಡೀ ಹೊಳೆಯ ನೀರನ್ನು ಬಾಟಲಿಗೆ ತುಂಬಿಸಲಾಗುವುದಿಲ್ಲ. ಕೆಲವು ಕಡೆ ತೆಗೆದು, ನಡುವಿನ ನೀರು ಹೇಗಿದ್ದೀತೆಂದು ಲೆಕ್ಕದಿಂದ ಕಾಣಬೇಕು. ಹತ್ತಿರದ ಬಾಟಲಿಯ ಮಾತಿಗೆ ಹೆಚ್ಚು ತೂಕ, ದೂರದ್ದಕ್ಕೆ ಕಡಿಮೆ. ಹೊಳೆ ಕಡಲು ಸೇರುವ ಅಳಿವೆಯಿಂದ ಮೇಲೆ ಕೂಳೂರಿನ ತನಕ ಅವನು ಏಳು ಕಡೆ ನೀರು ತೆಗೆದ. ಮೊದಲ ಎರಡು ಬಾಟಲಿ ಚೆನ್ನಾಗಿದ್ದವು. ಮೂರರಿಂದ ಏಳರ ತನಕ ಎಲ್ಲವೂ ಒಂದೇ ರೀತಿ ಕೆಟ್ಟಿದ್ದವು. ಐದೂ ಹಾಗೆ ಇರುವಾಗ ನಡುವಿನದೂ ಹಾಗೆಯೇ ಎಂದಿತು ಲೆಕ್ಕ. ಅಷ್ಟುದ್ದಕ್ಕೂ ಅವನು ಕಪ್ಪು ಪೆನ್ಸಿಲು ತಿಕ್ಕಿದ.

ಬೆಂಗ್ರೆಯ ಬಲೆ ಚಪ್ಪರದಲ್ಲಿ ಆ ನಕ್ಷೆಯನ್ನು ತೂಗುಹಾಕಿದಾಗ ದೂಮಣ್ಣ ಕಪ್ಪಿನ ನಡುವೆ ಬೆರಳಿಟ್ಟು, "ಇಲ್ಲಿ ಪೂವಪ್ಪನ ಸಿಪ್ಪೆ ಹೊಂಡ ಅಲ್ವಾ ಮಾಸ್ಟ್ರೆ?" ಎಂದು ಕೇಳಿದ್ದ. ಅಲ್ಲಿ ಬಾಟಲಿ ಮುಳುಗಿಸಿರಲಿಲ್ಲ. ಅದು ನಾಲ್ಕನೆಯ ಮತ್ತು ಐದನೆಯ ಬಾಟಲಿಗಳ ನಡುವಿನ ಜಾಗ. ಅಷ್ಟು ಜನ ತನ್ನ ಮಾತಿಗಾಗಿ ಕಾದು ಕುಳಿತದ್ದು ಗುಣಪಾಲನಿಗೆ ಹಿತವಾಗಿತ್ತು. "ಲೆಕ್ಕ ಹಾಗೆ ಹೇಳ್ತದೆ," ಎಂದುಬಿಟ್ಟ.

ಶನಿವಾರ ಅವನು ಕಂಕನಾಡಿಯ ಆಸ್ಪತ್ರೆಗೆ ಹೋದ. ಪೂವಪ್ಪ ಗೋಡೆಯ ಕಡೆ ತಿರುಗಿ ಮಲಗಿದ್ದ. ಹೊರಗೆ ದೋಣಿಯ ಜಯ ಬೀಡಿ ಸೇದುತ್ತ ನಿಂತಿದ್ದ. ಬಾಟಲಿ ತುಂಬಿಸಲು ಗುಣಪಾಲನನ್ನು ಕರೆದುಕೊಂಡು ಹೋದವನು ಅವನೇ.

"ಅಷ್ಟು ಹೊತ್ತಿನ ಕೆಲಸ ಆದರೂ ಆ ದಿನ ಎಂಥ ಸುಖ ಮಾಸ್ಟ್ರೆ," ಎಂದ ಜಯ. "ನಾವು ಯಾವಾಗಲೂ ಕಡಲಿನ ನೀರೇರುವುದನ್ನು ಕಾದು ಮೇಲೆ ಹೋಗುವುದು. ಎರಡು ಬಾಟಲಿ ಆದ ಮೇಲೆ ನಾನು ಹುಟ್ಟು ಹಾಕಿದ್ದೇ ಇಲ್ಲ, ಏರುನೀರೇ ದೋಣಿಯನ್ನು ಮೇಲೆ ಕೊಂಡುಹೋಯಿತು. ಹೊಟ್ಟೆ ಮೇಲಾದ ಆ ಮೀನು ನೆನಪುಂಟಾ?"

ಗುಣಪಾಲನಿಗೆ ನೆನಪಿತ್ತು. ಮೂರನೆಯ ಬಾಟಲಿ ತುಂಬಿಸುವಾಗ ಒಂದು ಸತ್ತ ಮೀನು ದೋಣಿಯ ಬದಿಗೆ ಬಂದಿತ್ತು. ಕೂಳೂರಿನಲ್ಲಿ ಏಳನೆಯದು ತುಂಬಿಸುವಾಗಲೂ ಅದೇ ಮೀನು ಅಲ್ಲೇ ಇತ್ತು. ನೆಂಟರು ಬಿಡುವುದಿಲ್ಲ ನೋಡಿ ಎಂದು ಜಯ ನಗಾಡಿದ್ದ, ಗುಣಪಾಲನೂ ನಕ್ಕಿದ್ದ.

ಅವನು ಆಸ್ಪತ್ರೆಯ ಮೆಟ್ಟಿಲಿನಲ್ಲಿ ಕುಳಿತ. ಮೀನಿನ ಹಾಗೆಯೇ ಅದರ ಸುತ್ತಲಿನ ನೀರೂ ದೋಣಿಯ ಜೊತೆಗೇ ಮೇಲೆ ಬಂದಿತ್ತು. ಅವನು ಹೊಳೆಯ ಐದು ಜಾಗಗಳಲ್ಲಿ ನೀರು ತೆಗೆದಿರಲಿಲ್ಲ, ಒಂದೇ ನೀರನ್ನು ಐದು ಸಲ ತೆಗೆದಿದ್ದ. ಆ ಹೊಲಸು ಎಲ್ಲಿಯದೂ ಆಗಬಹುದಿತ್ತು, ಅಳಿವೆಯ ಕಡೆಯದೂ ಕೂಡ.

"ನೀನು ಮೊದಲೇ ಹೇಳಬಾರದಿತ್ತಾ ಜಯ?"

"ನೀವು ಕೇಳಿದ್ದೀರಾ ಮಾರಾಯ್ರೆ? ನಾನು ಓದಿದವನಾ?"

ಆದಿತ್ಯವಾರ ಬೆಳಿಗ್ಗೆ ಇಬ್ಬರೂ ಹೊಂಡದ ಹತ್ತಿರ ತಲುಪುವಾಗ ಬೆಂಗ್ರೆಯವರು ಬಂದಾಗಿತ್ತು. ಒಣ ಸಿಪ್ಪೆಯ ರಾಶಿಗೆ ಸೀಮೆಎಣ್ಣೆ ಸುರಿದಿದ್ದರು. ಗಾಳಿ ಮನೆಯ ಕಡೆಗೇ ಇತ್ತು. ಬಾಗಿಯ ಜುಟ್ಟು ಹಿಡಿದು ಒಬ್ಬ ಅವಳನ್ನು ಅಂಗಳಕ್ಕೆ ಎಳೆದು ತಂದಿದ್ದ.

ಗುಣಪಾಲ ರಾಶಿಯ ಎದುರು ನಿಂತು ಹೇಳಬೇಕಾದ್ದನ್ನು ಹೇಳಿದ. ಇಲ್ಲಿ ನೀರು ತೆಗೆಯಲೇ ಇಲ್ಲ. ತೆಗೆದದ್ದೂ ತಪ್ಪಾಗಿ ತೆಗೆದದ್ದು. ಪೂವಪ್ಪನ ಮೇಲೆ ಯಾವ ಸಾಕ್ಷಿಯೂ ಇಲ್ಲ.

"ಹಾಗಾದರೆ ಯಾರದ್ದು ಹೊಲಸು?" ಎಂದ ದೂಮಣ್ಣ.

"ಗೊತ್ತಿಲ್ಲ."

"ಅವತ್ತು ಗೊತ್ತಿತ್ತು?"

"ಅವತ್ತೂ ಗೊತ್ತಿರಲಿಲ್ಲ. ಗೊತ್ತುಂಟು ಅನ್ನುವ ಹಾಗೆ ಹೇಳಿದೆ."

ಯಾರದೋ ಕೈಯ ದೋಣಿಹುಟ್ಟಿನ ಅಲಗು ಗುಣಪಾಲನ ಬಾಯಿಗೆ ಬಡಿಯಿತು. ಬಿದ್ದವನ ಪಕ್ಕೆಗೆ ಯಾರೋ ಒದ್ದರು. ಎರಡು ಹಲ್ಲು ಮಣ್ಣಿಗೆ ಬಿದ್ದವು. ಜಯ ನಡುವೆ ನುಗ್ಗಿದ. ಅವನ ತಲೆಯೂ ಒಡೆಯಿತು. ಆಮೇಲೆ ಗುಣಪಾಲನ ಬಲಗೈಯನ್ನು ಎಳೆದು ಅದೇ ಕಲ್ಲಿಗೆ ಒತ್ತಿದರು.

"ಒಂದು ಹೆಸರು ಹೇಳಿ ಮಾಸ್ಟ್ರೆ," ಎಂದ ದೂಮಣ್ಣ, ಕೊಡತಿ ಎತ್ತಿ. "ನಿಮ್ಮನ್ನೂ ಬಿಡ್ತೇವೆ, ಇವಳನ್ನೂ ಬಿಡ್ತೇವೆ."

ಹೆಸರುಗಳು ಇದ್ದವು. ಹೊಳೆಗೆ ಹೊಲಸಿನ ಕೊಳವೆ ಬಿಟ್ಟವರು ಎಷ್ಟೋ ಮಂದಿ. ಯಾವುದನ್ನು ಹೇಳಿದರೂ ದೋಣಿಗಳು ಆ ಕಡೆ ತಿರುಗುತ್ತಿದ್ದವು. ಗುಣಪಾಲ ರಕ್ತ ಉಗಿದು, "ಹೆಸರು ಇಲ್ಲ," ಎಂದ.

ಕೊಡತಿ ಬಿತ್ತು. ಬೆರಳುಗಳ ಮೂಳೆ ಮುರಿದ ಸದ್ದು ಎಲ್ಲರಿಗೂ ಕೇಳಿತು. ದೋಣಿಯಲ್ಲಿ ಬಂದವರಲ್ಲಿ ಒಬ್ಬ ಬೇಲಿಯ ಬದಿಗೆ ಸರಿದ. ಬಾಗಿಯ ಜುಟ್ಟು ಹಿಡಿದಿದ್ದ ಕೈ ಸಡಿಲವಾಯಿತು. ದೂಮಣ್ಣ ಆ ಬೆರಳುಗಳನ್ನು ನೋಡಿದ. ಪೂವಪ್ಪನ ಕೈಯೂ ಇದೇ ಕಲ್ಲಿನ ಮೇಲೆ ಹೀಗೆಯೇ ಚಪ್ಪಟೆಯಾಗಿತ್ತು. ಅವನು ಬೆಂಕಿಪೆಟ್ಟಿಗೆಯನ್ನು ಪುನಃ ಸೊಂಟಕ್ಕೆ ಸಿಕ್ಕಿಸಿದ.

"ಆ ದಿನವೇ ಗೊತ್ತಿಲ್ಲ ಅಂತ ಹೇಳಿದ್ದರೆ ಎಂತ ಆಗ್ತಿತ್ತು ನಿಮಗೆ?" ಎಂದ. ಉತ್ತರಕ್ಕೆ ಕಾಯದೆ ಹೊಳೆಗೆ ಇಳಿದ. ಉಳಿದವರು ಅವನ ಹಿಂದೆ ಹೋದರು.

ಅಷ್ಟರಲ್ಲಿ ಹೊಳೆಯ ಏರುನೀರು ಇಳಿಯತೊಡಗಿ, ಹೊಂಡದ ನೀರು ತೂಬಿನಿಂದ ಹೊರಗೆ ಹರಿಯುತ್ತಿತ್ತು. ಗುಣಪಾಲ ಹೆಗಲ ಚೀಲದಲ್ಲಿ ತಂದಿದ್ದ ಬಾಟಲಿಯನ್ನು ಎಡಗೈಯಿಂದ ತೆಗೆದು ಆ ತೂಬಿನ ಕಡೆ ತೆವಳಿದ. ಬಾಗಿ ಕೊಡತಿ ಎತ್ತಿಕೊಂಡು ಎದುರು ನಿಂತಳು.

"ಇದರಲ್ಲಿ ಹೊಲಸು ಬಂದರೆ?"

"ಬಂದರೆ ಹಾಗೆಯೇ ಬರೀತೇನೆ ಬಾಗಿ. ಬಾರದಿದ್ದರೂ."

ಕೊಡತಿ ಬಾಟಲಿಯ ಮೇಲೆ ಬಿತ್ತು. ಗಾಜಿನ ಚೂರು ಅವನ ಎಡಗೈಗೂ ಹೊಕ್ಕಿತು. ಅವನು ಚೀಲದಿಂದ ಇನ್ನೊಂದು ಬಾಟಲಿ ತೆಗೆದ. ಅವಳು ಪುನಃ ಕೊಡತಿ ಎತ್ತಿದಳು. ಅವನು ಕೈ ಹಿಂದೆ ತೆಗೆಯಲಿಲ್ಲ.

ಈ ಸಲದ ಪೆಟ್ಟು ಬರಿಯ ಕಲ್ಲಿಗೆ ಬಿತ್ತು.

"ತುಂಬಿಸಿ," ಎಂದಳು ಬಾಗಿ. "ನಾನು ನೋಡ್ತಾ ಇರ್ತೇನೆ."